ಆನೆಯೆತ್ತರದ ತೊಟ್ಟಿ

ಕಸುಬುದಾರರಿಗೆಲ್ಲ ಬಿಟ್ಟಿ ನೀರು ಎಂದು ಕಾಡಿನ ಸಭೆ ಕಾಯ್ದೆ ಮಾಡಿತು, ತೊಟ್ಟಿಯನ್ನು ಮಾತ್ರ ಆನೆಯ ಎತ್ತರಕ್ಕೆ ಕಟ್ಟಿಸಿತು. ಹುತ್ತದ ಮಣ್ಣು ನೆನೆಸಲು ನೀರು ಸಿಗದ ಗೆದ್ದಲು, ಸಿಂಹವನ್ನು ತೊಟ್ಟಿಯ ಬಳಿಗೇ ಕರೆತಂದು ದೂರಿತು.

"ನಾನು ಕುಡಿಯುವಾಗ ಕೆಳಗೆ ಚೆಲ್ಲುತ್ತದಲ್ಲ, ಸಣ್ಣವರಿಗೆ ಅಷ್ಟು ಸಾಲದೇ?" ಎಂದಿತು ಅಲ್ಲೇ ನೀರು ಕುಡಿಯುತ್ತಿದ್ದ ಆನೆ.

"ಪ್ರಭು, ಆ ಚೆಲ್ಲಿದ್ದನ್ನು ತಾವೇ ಒಮ್ಮೆ ಕುಡಿದು ನೋಡಿ," ಎಂದಿತು ಗೆದ್ದಲು.

ಸಿಂಹ ನೆಲಕ್ಕೆ ಬಾಯಿಟ್ಟಿತು. ನಾಲಿಗೆಗೆ ಹತ್ತಿದ್ದು ಬರೀ ಕೆಸರು. "ಕಾಯ್ದೆ ತಿದ್ದಿ! ತೊಟ್ಟಿ ನೆಲಕ್ಕಿಳಿಯಲಿ!" ಎಂದು ಗರ್ಜಿಸಿತು.

"ಹಾಗಾದರೆ ನಾನು ಬಗ್ಗಬೇಕೇ?" ಆನೆ ಸಿಡುಕಿತು.

"ಯಾಕೆ ಬಗ್ಗುತ್ತೀರಿ, ಸ್ವಾಮಿ? ಅಷ್ಟುದ್ದ ಸೊಂಡಿಲಿದೆಯಲ್ಲ!" ಎಂದಿತು ಗೆದ್ದಲು.

ಬೇಸಿಗೆ ಕಳೆಯುವಷ್ಟರಲ್ಲಿ ಹುತ್ತ ಆನೆಯ ಭುಜ ಮುಟ್ಟಿತು. ಮೈ ತುರಿಸಿದಾಗಲೆಲ್ಲ ಆನೆ ಅದರ ಮುಂದೆ ನಿಂತು ಕೇಳುತ್ತಿತ್ತು: "ಒಂಚೂರು ಉಜ್ಜಿಕೊಳ್ಳಲೇ, ಯಜಮಾನರೇ?"