ಟೀವಿಯವನು ಕಸ ಎತ್ತಿದ್ದು

ಕಸ ಎತ್ತಲು ಗ್ಲೌಸ್ ಕೊಡಿ ಎಂದು ಪೌರಕಾರ್ಮಿಕರು ನಗರಸಭೆ ಗೇಟಿನ ಮುಂದೆ ಕೂತು ಒಂಬತ್ತು ದಿನವಾಗಿತ್ತು; ಪಕ್ಕದಲ್ಲೇ ಕಸದ ಗುಡ್ಡೆ ಬೆಳೆದಿತ್ತು. ಸಾಹೇಬರು ಕಿಟಕಿಯಿಂದಲೂ ಇಣುಕಿರಲಿಲ್ಲ. ಹತ್ತನೇ ದಿನ ಕ್ಯಾಮೆರಾದವನ ಜೊತೆ ಟೀವಿಯವನು ಬಂದ. ಬಂದವನೇ ಮುಂದೆ ಕೂತಿದ್ದ ಮುನಿನಂಜಮ್ಮನಿಗೆ ಅಪ್ಪಣೆ ಮಾಡಿದ.

"ಅಮ್ಮಾ, ಲೈವ್ ಹೋಗ್ತಾ ಇದೆ. ಆ ಗುಡ್ಡೆಯಿಂದ ಬರಿಗೈಲಿ ಕಸ ಎತ್ತುತ್ತಾ ಅಳಬೇಕು."

ಇಪ್ಪತ್ತು ವರ್ಷ ಕಸ ಎತ್ತಿದವಳಿಗೆ ಅಳು ಎಲ್ಲಿಂದ ಬರಬೇಕು? ಎರಡು ಸಲ ಎತ್ತಿದಳು. "ನೋವೇ ಕಾಣ್ತಿಲ್ಲಮ್ಮಾ!" ಎಂದು ಅವನು ರೇಗಿದ.

"ನಂಗೆ ನಟನೆ ಬರಾಕಿಲ್ಲ ಸಾಮಿ. ಒಂದ್ಸಲ ನೀವೇ ಮಾಡಿ ತೋರ್ಸಿ," ಅಂದಳು ಮುನಿನಂಜಮ್ಮ, ತೀರಾ ವಿನಯದಿಂದ.

ಸಿಟ್ಟಿನಲ್ಲಿ ಅವನಿಗೆ ಲೈವ್ ಓಡುತ್ತಿರುವುದೇ ಮರೆತುಹೋಗಿತ್ತು. ಮೈಕನ್ನು ಅವಳ ಕೈಗೆ ತುರುಕಿ, ಶರ್ಟಿನ ತೋಳು ಮಡಚಿ ಗುಡ್ಡೆಗೆ ಕೈ ಹಾಕಿದ. ಯಾವುದೋ ಮಗುವಿನ ಡೈಪರ್ ಬೆರಳಿಗೆ ಅಂಟಿಕೊಂಡಿತು.

"ಅಯ್ಯಯ್ಯೋ! ಇದನ್ನ ಮನುಷ್ಯರು ಬರಿಗೈಲಿ ಮುಟ್ತಾರೇನ್ರೀ? ಗ್ಲೌಸ್ ಕೊಡ್ರೋ!" ಎಂದು ಊರಿಗೇ ಕೇಳುವಂತೆ ಅರಚಿದ.

ಒಂದೇ ನಿಮಿಷ. ಸಾಹೇಬರು ಎದ್ದುಬಿದ್ದು ಓಡಿಬಂದು, ಅವನ ಕೈಗೆ ಹೊಸ ಗ್ಲೌಸ್ ತೊಡಿಸಿದರು.

ಮುನಿನಂಜಮ್ಮ ಮೈಕನ್ನು ಅವನ ಬಾಯಿಗೆ ಹಿಡಿದಳು.

"ಚೆನ್ನಾಗಿ ಕೂಗಿದ್ರಿ ಸಾಮಿ. ನಾವು ಮೂವತ್ತೆರಡು ಜನ ಇದ್ದೀವಿ. ಇನ್ನೂ ಮೂವತ್ತೆರಡು ಸಲ ಕೂಗ್ಬಿಡಿ."