ಕುಂಬಾರಗಿತ್ತಿಯ ಸೂರಕ್ಕಿ

ಶಿಷ್ಯ ಕಲ್ಲಿನಾಥ ಗುರುಗಳನ್ನು ಕೇಳಿದ: "ನಾನು ಒಬ್ಬನಿಗೆ ಏಳು ವರ್ಷ ವಿದ್ಯೆ ಕಲಿಸಿದೆ. ಅವನು ಒಂದು ಮಾತೂ ಹೇಳದೆ ಹೋಗಿ ದೊಡ್ಡ ಮಠ ಸೇರಿದ. ಈಗ ಅಲ್ಲಿ ಅವನ ಪ್ರವಚನಕ್ಕೆ ನೂರಾರು ಜನ ಕೂರುತ್ತಾರಂತೆ. ನಾನು ಹೆಮ್ಮೆಪಡಬೇಕೋ, ನೊಂದುಕೊಳ್ಳಬೇಕೋ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಜಗಲಿಯ ಸೂರಿಗೆ ಕುಡಿಕೆಯೊಂದನ್ನು ಕಟ್ಟಿ, ಅದರಲ್ಲಿ ಬೆಲ್ಲದ ನೀರು ಇಡುತ್ತಿದ್ದಳು. ಹೂವಿನ ಮಕರಂದ ಹೀರುವ, ಹೆಬ್ಬೆರಳಿನಷ್ಟು ಪುಟ್ಟ ಸೂರಕ್ಕಿಗಳು ಬಂದು ಕುಡಿಯುತ್ತಿದ್ದವು. ಮಡಕೆ ಮಾಡಿ ದಣಿದಾಗ ಅವನ್ನು ನೋಡುತ್ತ ಕೂರುವುದೇ ಅವಳ ಸುಖ.

ಒಂದು ದಿನ ಗಾಳಿಗೆ ಸೂರಕ್ಕಿಯ ಗೂಡು ಹರಿದು ಮರಿಯೊಂದು ಅಂಗಳಕ್ಕೆ ಬಿತ್ತು. ಒಂದು ಕಾಲು ಮುರಿದಿತ್ತು. ಬದುಕುವುದಿಲ್ಲ ಎಂದು ನೋಡಿದವರೆಲ್ಲ ಹೇಳಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತಿಯ ಎಳೆಯನ್ನು ಬೆಲ್ಲದ ನೀರಿನಲ್ಲಿ ಅದ್ದಿ ಕುಡಿಸಿದಳು. ಸಣ್ಣ ಹುಳು ಹುಡುಕಿ ತಿನ್ನಿಸಿದಳು. ಮರಿ ಉಳಿಯಿತು, ರೆಕ್ಕೆ ಬಲಿಯಿತು. ಆದರೆ ಮುರಿದ ಕಾಲು ಕೂಡಲಿಲ್ಲ; ಒಂಟಿ ಕಾಲಿನಲ್ಲಿ ಕುಡಿಕೆಯ ಅಂಚು ಹಿಡಿಯಲಾರದೆ ಜಾರುತ್ತಿತ್ತು. ಅದಕ್ಕೆಂದೇ ಅವಳು ಒರಟು ಅಂಚಿನ ಬೇರೊಂದು ಕುಡಿಕೆ ಮಾಡಿದಳು. ದಿನವೂ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಬರುವುದು ಅದೇ ಹಕ್ಕಿ. ದಾರಿಹೋಕರು ನಿಂತು ನೋಡಿದರೆ ಅವಳು ನೆಟ್ಟಗೆ ಕೂತು, "ನಾನು ಸಾಕಿದ್ದು" ಎನ್ನುತ್ತಿದ್ದಳು.

ಮುತ್ತುಗ ಹೂಬಿಟ್ಟ ಕಾಲದಲ್ಲಿ ಅದು ಬರುವುದು ನಿಂತಿತು. ನಾಲ್ಕು ದಿನ ಕಾದಳು. ಬೆಕ್ಕು ಹಿಡಿಯಿತೋ ಏನೋ ಎಂಬ ಚಿಂತೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಐದನೆಯ ದಿನ ಹುಡುಕುತ್ತ ಗುಡ್ಡ ಹತ್ತಿದಳು. ಅಲ್ಲಿ ಮುತ್ತುಗದ ಕೊಂಬೆಯ ತುದಿಯಲ್ಲಿ ಅವಳ ಹಕ್ಕಿ ಒಂಟಿ ಕಾಲಿನಲ್ಲಿ ನಿಂತು ಹೂ ಹೀರುತ್ತಿತ್ತು. ಗಾಳಿಗೆ ಕೊಂಬೆ ತೂಗಿತು. ಹಕ್ಕಿ ಜಾರಲಿಲ್ಲ. ಅವಳು ಕರೆದಳು. ಅದು ತಿರುಗಿಯೂ ನೋಡಲಿಲ್ಲ.

ಹತ್ತಿರದಲ್ಲೇ ಮೇಕೆ ಮೇಯಿಸುತ್ತಿದ್ದ ಮುದುಕ ಹೇಳಿದ: "ಏನವ್ವಾ, ಉಣಿಸಿದವಳನ್ನೇ ಮರೆತುಬಿಟ್ಟಿತಲ್ಲ!"

"ಮರೆಯಲಿ ಬಿಡಣ್ಣಾ. ಹೇಗೆ ನಿಂತಿದೆ ನೋಡು! ಇದು ಬದುಕುವುದಿಲ್ಲ ಅಂದಿದ್ದರು."

ಅವಳ ಕಣ್ಣು ತುಂಬಿತ್ತು. ಆದರೂ ಮಗಳ ಮದುವೆ ಮಾಡಿ ಮುಗಿಸಿದವಳ ಹಾಗೆ ತಲೆಯೆತ್ತಿ ಗುಡ್ಡ ಇಳಿದಳು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, ತಾನು ಕಂಡದ್ದನ್ನು ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಿನಾಥ ಕೇಳಿದ: "ಆಮೇಲೆ ಆ ಹಕ್ಕಿ ಅವಳ ಜಗಲಿಗೆ ಮತ್ತೆ ಬಂತೇ?"

ಗುರುಗಳೆಂದರು: "ಈ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ."