ತೋಳ ಹಂಚಿದ ಸೊಪ್ಪು

ಮೇಕೆಗಳು ನಾಯಕನನ್ನು ಆರಿಸಲು ಹಳ್ಳದ ದಂಡೆಯಲ್ಲಿ ಸೇರಿದ್ದವು. ಅಲ್ಲಿಗೆ ತೋಳವೊಂದು ಭಂಗಿ ಸೊಪ್ಪಿನ ಹೊರೆ ಹೊತ್ತು ಬಂತು. "ಇದನ್ನು ಮೆದ್ದರೆ ಮನಸ್ಸು ತೆರೆಯುತ್ತದೆ. ಆಮೇಲೆ ನಿಮಗೆ ತೋಚಿದವರನ್ನು ಆರಿಸಿ" ಎಂದಿತು. ಮೆದ್ದ ಮೇಕೆಗಳೆಲ್ಲ, "ತೋಳಪ್ಪನೇ ನಾಯಕ! ಇದು ನನ್ನ ಸ್ವಂತ ಅಭಿಪ್ರಾಯ" ಎಂದು ಒಂದೊಂದಾಗಿ ಅರಚಿದವು.

ಕೆಂದಿ ಎಂಬ ಮೇಕೆ ಮಾತ್ರ ಸೊಪ್ಪು ಮುಟ್ಟಿರಲಿಲ್ಲ. ಎಲ್ಲರ ಸ್ವಂತ ಅಭಿಪ್ರಾಯವೂ ಒಂದೇ ಆದದ್ದು ಹೇಗೆಂದು ಅದಕ್ಕೆ ಗುಮಾನಿ. "ತೋಳಪ್ಪ, ನೀವೂ ಎರಡೆಲೆ ಮೆಲ್ಲಿ. ನಿಮ್ಮ ಮನಸ್ಸೂ ತೆರೆಯಲಿ" ಎಂದಿತು. ಎಲ್ಲರೂ ನೋಡುತ್ತಿದ್ದುದರಿಂದ ತೋಳ ಒಲ್ಲೆನ್ನಲಾಗದೆ ಮೆದ್ದಿತು. ಸ್ವಲ್ಪ ಹೊತ್ತಿಗೆ ಅದರ ಕಣ್ಣು ತೇಲಿತು, ನಾಲಿಗೆ ಸಡಿಲವಾಯಿತು. "ನಾಳೆಯಿಂದ ದಿನಕ್ಕೊಬ್ಬರನ್ನು ತಿನ್ನುತ್ತೇನೆ" ಎಂದು ನಕ್ಕಿತು.

"ಆಹಾ, ಎಂಥ ಮುಚ್ಚುಮರೆಯಿಲ್ಲದ ನಾಯಕ!" ಎಂದು ಮೇಕೆಗಳು ಹಿಗ್ಗಿದವು.

ಕೆಂದಿ ತನ್ನ ಮರಿಯನ್ನು ಮುಂದೆ ಮಾಡಿಕೊಂಡು ಗುಡ್ಡ ಹತ್ತಿತು.